ಕಾಲೋನಿ ಬೋರು ಸಿಕ್ಕಿದ ಬಗೆ

“ಕುಡಿದು ಮರ್ತ್‌ಬಿಟ್ರೇನೇ ಮುಂಡೇರಾ? ನಿಮ್ ಕಾಲೋನಿಗೆ ಬೋರ್ ಕೊರ್ಸಿ ವರ್ಷ ಆಯ್ತು.”

ಪಂಚಾಯ್ತಿ ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಚನ್ನಕೇಶವಗೌಡ ಕಂಪ್ಯೂಟರನ್ನು, ನೀರು ಕೇಳಲು ಬಂದಿದ್ದ ಕಾಲೋನಿಯ ಗಂಗುಲಮ್ಮನ ಕಡೆ ತಿರುಗಿಸಿದ. ಊರಿನ ಅರ್ಧ ಜಮೀನು ಅವನದು, ಪಂಚಾಯ್ತಿ ಅಧ್ಯಕ್ಷನೂ ಅವನೇ. ಪರದೆಯ ಮೇಲೆ ಸರ್ಕಾರಿ ಫೋಟೋ: ಪೈಪಿನಿಂದ ನೀರು ಚಿಮ್ಮುತ್ತಿದೆ, ಪಕ್ಕದಲ್ಲಿ ಅವನೇ ತೆಂಗಿನಕಾಯಿ ಹಿಡಿದು ಹಲ್ಲು ಕಿರಿದಿದ್ದಾನೆ. ಕೆಳಗೆ ‘ಕಾಲೋನಿಯ ಕುಡಿಯುವ ನೀರಿನ ಕೊಳವೆಬಾವಿ’ ಎಂದು ಬರೆದಿದೆ.

“ಕಾಲೋನೀಲಿ ಎಲ್ಲೈತೆ ಗೌಡ್ರೇ? ನಮ್ ಕಣ್ಣಿಗೆ ಬಿದ್ದಿಲ್ಲ.”

“ಫೋಟೋದಾಗೆ ಐತಲ್ಲೇ. ಸರ್ಕಾರಕ್ಕೆ ಕಂಡಿದ್ದು ನಿಂಗ್ ಕಾಣಲ್ವಾ? ಹೊರ್ಗ್ ನಡಿ, ಆಫೀಸೆಲ್ಲ ಗಬ್ಬು ವಾಸ್ನೆ.”

ಸುತ್ತ ಕೂತವರು ನಕ್ಕರು. ಕಾಲೋನಿಯ ಹೆಂಗಸರು ಒಂದೊಂದು ಕೊಡಕ್ಕೂ ಹೊಲಗಳನ್ನು ದಾಟಿ ಹೋಗಬೇಕು. ಗಂಗುಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಸೊಸೆ ತನುಜ ಈಚೆಗೆ ಚಿಕ್ಕಬಳ್ಳಾಪುರದಲ್ಲಿ ಒಂದು ತರಬೇತಿಗೆ ಹೋಗಿಬಂದಿದ್ದಳು. ಇಂಟರ್‌ನೆಟ್ಟಿನಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ಬಿದ್ದಿರುವುದನ್ನೇ ಒಂದಕ್ಕೊಂದು ತಾಳೆ ನೋಡಿ ನಿಜವನ್ನು ಹೊರಗೆಳೆಯುವ ವಿದ್ಯೆ. ಕದಿಯುವಂತಿಲ್ಲ, ಯಾರ ಪಾಸ್‌ವರ್ಡನ್ನೂ ಮುರಿಯುವಂತಿಲ್ಲ, ಕಣ್ಣು ಬಿಟ್ಟು ನೋಡಬೇಕು ಅಷ್ಟೆ.

“ಅದಿ ಸರೇ, ಇದನ್ ಕಲ್ಸಕ್ಕೆ ಕ್ಲಾಸ್ ಬೇರೆ ಮಾಡ್ತಾರಾ? ನಮ್ ಜಗಲಿ ಮ್ಯಾಲೆ ದಿನಾ ಇದೇ ತಾನೆ ನಡೆಯದು,” ಎಂದಳು ಗಂಗುಲಮ್ಮ.

“ಫೋಟೋದಲ್ಲಿ ಮನುಷ್ರನ್ನ ನೋಡ್ಬೇಡಿ ಅತ್ತೆ. ಅವ್ರ ಹಿಂದೆ ಏನಿದೆ, ಅದನ್ನ ನೋಡಿ.”

ಅಷ್ಟು ಹೇಳಿಕೊಟ್ಟಿದ್ದೇ ತಪ್ಪಾಯಿತು. ಮೊದಲು ಸಿಕ್ಕಿಬಿದ್ದವನು ಹೊಟ್ಟೆಯಲ್ಲಿ ಹುಟ್ಟಿದ ಮಗ ಮುರಳಿಮೋಹನ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಿದ್ದೇನೆಂದು ಅವನು ಕಳಿಸಿದ ಸೆಲ್ಫಿಯಲ್ಲಿ, ಹೆಗಲ ಹಿಂದೆ ಚಿಂತಾಮಣಿಯ ಬಿರಿಯಾನಿ ಹೋಟೆಲಿನ ಬೋರ್ಡು ಇಣುಕುತ್ತಿತ್ತು.

“ಮೂಟೆ ಲೆಗ್ ಪೀಸಾ, ಚೆಸ್ಟ್ ಪೀಸಾ ಕಣಪ್ಪ?” ಎಂದು ಗಂಗುಲಮ್ಮ ಫೋನು ಮಾಡಿ ವಿಚಾರಿಸಿಕೊಂಡಳು.

ಕೈ ಪಳಗಿದ ಮೇಲೆ ಅತ್ತೆ ಸೊಸೆ ಸರ್ಕಾರದ ಜಾಲತಾಣದಿಂದ ಬೋರಿನ ಫೋಟೋ ಇಳಿಸಿಕೊಂಡರು. ಹಿಂದೆ ನೋಡೋಣವೆಂದರೆ ಹಿಂದೆ ಏನೂ ಇಲ್ಲ. ನೀರಿನ ಅಂಚಿಗೇ ಫೋಟೋವನ್ನು ಕತ್ತರಿಸಿದ್ದರು.

“ಕತ್ತರಿಸಿದ್ದಾರೆ ಅಂದ್ರೆ ಮಿಕ್ಕಿದ್ದು ಎಲ್ಲೋ ಇರ್ಬೇಕು,” ಎಂದು ತನುಜ ಗೌಡನ ಮಗ ಸುನೀಲ್‌ಕುಮಾರನ ಫೇಸ್‌ಬುಕ್ ತೆರೆದಳು. ಹಸು ಕೊಂಡರೂ, ಕ್ಷೌರ ಮಾಡಿಸಿಕೊಂಡರೂ ಲೋಕಕ್ಕೆಲ್ಲ ಸಾರುವ ಆಸಾಮಿ ಅವನು. ಹೋದ ವರ್ಷದವರೆಗೆ ಜಾರಿಸುತ್ತ ಹೋದಾಗ ಸಿಕ್ಕಿತು. ಅದೇ ನೀರು, ಅದೇ ಕಾಯಿ, ಅದೇ ಹಲ್ಲು. ಆದರೆ ಇದು ಪೂರ್ತಿ ಫೋಟೋ. ಮೇಲೆ ಬರೆದಿದ್ದ: ‘ನಮ್ಮ ಗುಲಾಬಿ ತೋಟಕ್ಕೆ ಗಂಗಮ್ಮ ತಾಯಿ ಬಂದಳು.’

ಎಡಗಡೆಗೆ ಗುಲಾಬಿ ಸಾಲು. ಸಾಲಿನಲ್ಲಿ ಬುಟ್ಟಿ ಹಿಡಿದು ಬಗ್ಗಿದ್ದ ಹೆಂಗಸಿನ ಗುರುತು ಹಿಡಿಯಲು ತನುಜಳಿಗೆ ಯಾವ ತರಬೇತಿಯೂ ಬೇಕಾಗಲಿಲ್ಲ.

“ಅತ್ತೆ, ಇದು ನೀವೇ.”

ಹೌದು, ಆ ದಿನ ಅವಳು ಅಲ್ಲಿ ಕೂಲಿಗೆ ಹೋಗಿದ್ದಳು. ಗೌಡನ ತೋಟಕ್ಕೆ ನೀರು ಬಿತ್ತೆಂದು ಎಲ್ಲರಿಗಿಂತ ಮೊದಲು ಕೇಕೆ ಹಾಕಿದವಳೂ ಅವಳೇ. ಗೌಡನ ಹೆಂಡತಿ ಪದ್ಮಶ್ರೀ, ಕೈ ಎಲ್ಲಿ ತಗಲೀತೋ ಎಂದು ಮೈಸೂರುಪಾಕನ್ನು ಮೇಲಿನಿಂದ ಇವಳ ಸೆರಗಿಗೆ ಎತ್ತಿಹಾಕಿದ್ದಳು. ಗಂಗುಲಮ್ಮ ಅದನ್ನು ತಿಂದು, ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ ಎಂದು ಹರಸಿ ಬೇರೆ ಬಂದಿದ್ದಳು.

“ಥೂ ನನ್ಮಗನೇ. ನಮ್ ನೀರು ಕದ್ದು ನಮ್ಗೇ ಸ್ವೀಟ್ ಕೊಟ್ನಲ್ಲೇ. ನಾನೂ ಬಾಯ್ ಚಪ್ಪರ್ಸ್ಕೊಂಡ್ ತಿಂದ್ನಲ್ಲೇ ತನುಜಾ.” ಗಂಗುಲಮ್ಮನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು.

ಮೇಲಿನವರಿಗೆ ದೂರು ಬರೆಯೋಣ ಎಂದಳು ತನುಜ.

“ಬರಿಯಮ್ಮ, ಬ್ಯಾಡ ಅನ್ನಲ್ಲ. ಅವ್ರು ಓದೋ ಹೊತ್ಗೆ ನನ್ ತಿಥಿ ಆಗಿರ್ತದೆ. ಜತೆಗೊಂದು ಫ್ಲೆಕ್ಸೂ ಮಾಡ್ಸು.”

ಊರ ಬಸ್ ನಿಲ್ದಾಣದ ಎದುರು ಫ್ಲೆಕ್ಸು ಎದ್ದಿತು. ಕತ್ತರಿಸಿದ ಫೋಟೋ, ಪೂರ್ತಿ ಫೋಟೋ ಅಕ್ಕಪಕ್ಕ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಕಾಲೋನಿಯ ಕೊಳವೆಬಾವಿಯನ್ನು ತಮ್ಮ ತೋಟದಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದ ಶ್ರೀಯುತ ಚನ್ನಕೇಶವಗೌಡರಿಗೆ ಹೃತ್ಪೂರ್ವಕ ಅಭಿನಂದನೆಗಳು. ಇಂತಿ, ಕಾಲೋನಿ ಮಹಿಳೆಯರು.’ ದಿಬ್ಬೂರಹಳ್ಳಿ ಕಡೆಯ ಬಸ್ಸಿನ ಡ್ರೈವರು ಗಾಡಿ ನಿಲ್ಲಿಸಿ ಓದಿಕೊಂಡು ಹೋದ.

ಮಾರನೆಯ ದಿನ ಹೆಂಗಸರು ಕೊಡ ಹಿಡಿದು ತೋಟದ ಗೇಟು ತಳ್ಳಿದರು. ಗೌಡ ಪಂಚೆ ಎತ್ತಿಕೊಂಡು ಓಡಿಬಂದ.

“ಯಾವಳೇ ಅದು ಒಳಗ್ ಬಂದಿದ್ದು? ಕಾಲ್ ಮುರ್ದ್‌ಬಿಡ್ತೀನಿ.”

“ನಮ್ ಬೋರ್ ನೋಡ್ಕಂಡ್ ಹೋಗಣ ಅಂತ ಬಂದ್ವಿ ಗೌಡ್ರೇ,” ಎಂದು ಗಂಗುಲಮ್ಮ ನೇರ ಹೋಗಿ ಮೋಟಾರಿನ ಸ್ವಿಚ್ಚು ಒತ್ತಿದಳು. ಸದ್ದೇ ಇಲ್ಲ. ಮತ್ತೆ ಒತ್ತಿದಳು.

ಗೌಡನ ಮುಖಕ್ಕೆ ಕಳೆ ಬಂತು. “ತ್ರೀ ಫೇಸ್ ಕರೆಂಟ್ ಹೋಗೈತೆ ಕಣೇ. ಯಾವಾಗ್ ಬರ್ತದೋ ದೇವ್ರಿಗೇ ಗೊತ್ತು. ನಡೀರಿ ನಡೀರಿ.”

ಬೋರಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದರು. ಕೂಲಿಗೆ ಬಂದ ಕಾಲೋನಿಯವರು ಅದನ್ನು ಮುಟ್ಟುವಂತಿರಲಿಲ್ಲ. ಗಂಗುಲಮ್ಮ ಅದರ ಮೇಲೆ ಭಾರ ಬಿಟ್ಟು ಕೂತಳು, ಕಾಲು ನೀಡಿಕೊಂಡಳು, ಸೊಂಟದಿಂದ ಎಲೆಅಡಿಕೆ ಚೀಲ ತೆಗೆದಳು.

“ಬರ್ಲಿ ಬಿಡಿ ಗೌಡ್ರೇ. ಬರೋಗಂಟ ಕೂತಿರ್ತೀವಿ.”

ಒಬ್ಬೊಬ್ಬರೇ ಬಂದು ಕಟ್ಟೆಯ ಸುತ್ತಲೂ ಒತ್ತಿಕೊಂಡು ಕೂತರು. ಕೂರಲು ಜಾಗವಿಲ್ಲದೆ ಚನ್ನಕೇಶವಗೌಡ ಬಿಸಿಲಿನಲ್ಲಿ ನಿಂತೇ ಇದ್ದ.