ವಲ್ಲಿಯ ಕೆಳಗಿನ ಬೆಲೆ

ಯಾದಗಿರಿಯ ಕಾರಿನ ಶೋರೂಮಿನ ಬಾಗಿಲು ತಳ್ಳುವ ಮೊದಲು ಉಮಾ ತಂದೆಯನ್ನು ಪಕ್ಕಕ್ಕೆ ಕರೆದಳು.

"ಯಪ್ಪಾ, ಇವತ್ತ ನೀ ಏನೂ ಮಾತಾಡಬ್ಯಾಡ. ರೇಟು ನಾ ಮಾತಾಡ್ತೀನಿ."

"ಆತ ಬಿಡವ್ವ. ನನ್ನ ಬಾಯಿಗಿ ಬೀಗ," ಎಂದ ಭಾಗಣ್ಣ.

ಎಂದನೇನೋ ಹೌದು, ಆದರೆ ಆ ಮಾತು ಅವನನ್ನು ಚುಚ್ಚಿತು. ಹರೆಯದಿಂದ ಮಂಡಿ ನೋವು ಶುರುವಾಗುವ ತನಕ ಶಹಾಪುರದ ದನದ ಸಂತೆಯಲ್ಲಿ ದಲಾಲಿ ಮಾಡಿದವನು ಅವನು. ಅಂಥವನಿಗೆ ರೇಟು ಮಾತಾಡಬೇಡ ಅನ್ನುವುದೆಂದರೆ! ತಪ್ಪು ಅವನದೇ ಅನ್ನಿ. ಹೋದ ವಾರ ಇಲ್ಲಿಗೇ ಬಂದಿದ್ದಾಗ, ಮ್ಯಾನೇಜರ್ ಅರುಣಕುಮಾರ "ಎಷ್ಟರಾಗ ನೋಡಾಕತ್ತೀರಿ ಯಜಮಾನ್ರ?" ಎಂದು ಕೇಳಿದ್ದೇ ತಡ, ಭಾಗಣ್ಣ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಬಲಗೈ ಮೇಲೆ ಇಳಿಬಿಟ್ಟು ಕೈ ಚಾಚಿಬಿಟ್ಟಿದ್ದ. ಸಂತೆಯಲ್ಲಿ ಹಾಗೆಯೇ. ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಹೇಳಬೇಕು, ಸುತ್ತ ನಿಂತವರಿಗೆ ಸುಳಿವು ಹತ್ತಬಾರದು. ಪಾಪ, ಆ ಮ್ಯಾನೇಜರನಿಗೆ ಏನು ಗೊತ್ತು? "ನಮಸ್ಕಾರ್ರಿ, ನಮಸ್ಕಾರ್ರಿ" ಎನ್ನುತ್ತಾ ವಲ್ಲಿಯ ಸಮೇತ ಕೈ ಹಿಡಿದು ಜೋರಾಗಿ ಕುಲುಕಿದ. ಇಡೀ ಶೋರೂಮು ನಕ್ಕಿತು. ಉಮಾನೂ ನಕ್ಕಳು.

ಬೇರೆಯವರ ನಗುವನ್ನು ಭಾಗಣ್ಣ ಬಸ್ ಹತ್ತುವಷ್ಟರಲ್ಲಿ ಮರೆತಿದ್ದ. ಮಗಳ ನಗು ಮಾತ್ರ ಭೀಮಾ ಸೇತುವೆ ದಾಟಿ, ಶಹಾಪುರ ದಾಟಿ, ಸುರಪುರದ ಮನೆಯ ತನಕ ಬಂದಿತ್ತು. ಅಂದಿನಿಂದ ಅವನಿಗೆ ಒಂದೇ ಕೊರಗು. ಮಗಳಿಗೇ ನಗು ಬಂತೆಂದ ಮೇಲೆ ಈ ಕೈ ಇನ್ನು ಯಾರಿಗೆ ಬೇಕು? ಅದಕ್ಕೇ ಇವತ್ತು, ಬೇಡ ಬೇಡವೆಂದರೂ ಉಮಾ ಹೊರಡಿಸಿದಾಗ, ಸುಮ್ಮನೆ ಜೊತೆಗಿರಲು ಬಂದಿದ್ದ.

ಒಳಗೆ ಬೆಳ್ಳನೆಯ ಕಾರು ಮಿರಿಮಿರಿ ಮಿಂಚುತ್ತಿತ್ತು. ಕಕ್ಕೇರಾದ ಶಾಲೆಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬಂದು ಸಾಕಾಗಿ, ಉಮಾ ತನ್ನ ಸಂಬಳದಲ್ಲೇ ಕೊಳ್ಳಲು ಹೊರಟಿದ್ದ ಕಾರು. ಭಾಗಣ್ಣ ಒಂದು ಸುತ್ತು ಹಾಕಿದ. ಅಭ್ಯಾಸಬಲ, ಮುಂಭಾಗಕ್ಕೆ ಬಂದಾಗ ಎತ್ತಿನ ಬೆನ್ನು ಚಪ್ಪರಿಸಿದ ಹಾಗೆ ಬಾನೆಟ್ ಚಪ್ಪರಿಸಿದ.

"ಹೆಂಗದ ಕಾಕಾ?" ಎಂದಳು ಗಿರಾಕಿಗಳಿಗೆ ಗಾಡಿ ತೋರಿಸುವ ಶಾಯಿಸ್ತಾ.

ಭಾಗಣ್ಣ ತುಟಿಯ ಮೇಲೆ ಬೆರಳಿಟ್ಟು, ಬೀಗ ಹಾಕಿದೆ ಎಂದು ಸನ್ನೆ ಮಾಡಿದ. ಅವಳು ನಗುತ್ತಾ ಇಬ್ಬರನ್ನೂ ಮ್ಯಾನೇಜರನ ಮೇಜಿನ ಮುಂದೆ ಕೂರಿಸಿ ಚಹಾ ತಂದಿಟ್ಟಳು.

"ಹತ್ತು ಸಾವಿರ ಬಿಟ್ಟೀನ್ರಿ ಮೇಡಂ, ಇನ್ನ ಆಗಂಗಿಲ್ಲ. ಕಂಪನಿ ರೇಟು," ಎಂದ ಅರುಣಕುಮಾರ.

ಉಮಾ ವಾದಿಸಿದಳು. ತುಂಬಿದ ತರಗತಿಯನ್ನು ಒಂದೇ ಗದರಿಕೆಗೆ ತಣ್ಣಗಾಗಿಸುವ ದನಿ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅರುಣಕುಮಾರ ಎಲ್ಲದಕ್ಕೂ ತಲೆಯಾಡಿಸಿದ, ಒಂದು ರೂಪಾಯಿ ಇಳಿಯಲಿಲ್ಲ. ಆಮೇಲೆ ಶಾಯಿಸ್ತಾಳ ಕಡೆ ತಿರುಗಿ, "ಇನ್ನೊಂದೊಂದು ಚಹಾ ಹೇಳವ್ವ" ಎಂದ.

ಭಾಗಣ್ಣನ ಕಿವಿ ನೆಟ್ಟಗಾಯಿತು. ಮಾರಲೇಬೇಕಾದ ಮಾಲೀಕ ಮಾತ್ರ ಎರಡನೇ ಸಲ ಚಹಾ ಹೇಳುತ್ತಾನೆ, ಅದನ್ನು ಅವನು ಸಂತೆಯಲ್ಲಿ ಎಷ್ಟೋ ಸಲ ಕಂಡವನು. ನಾಲಿಗೆ ತುದಿಗೆ ಮಾತು ಬಂತು. ಕೊಟ್ಟ ಮಾತು ನೆನಪಾಗಿ ನುಂಗಿಕೊಂಡ. ತೊಡೆಯ ಮೇಲೆ ಹರವಿಕೊಂಡಿದ್ದ ವಲ್ಲಿಯೊಳಗೆ ಬೆರಳುಗಳು ಸುಮ್ಮನೆ ಒದ್ದಾಡಿದವು.

ಆಗ ವಲ್ಲಿಯ ಅಂಚು ಸರಿಯಿತು. ಇನ್ನೊಂದು ಕೈ ಒಳಗೆ ಬಂದು ಅವನ ತೋರುಬೆರಳನ್ನು ಹಿಡಿಯಿತು.

ಉಮಾ ಮ್ಯಾನೇಜರನನ್ನೇ ನೋಡುತ್ತಿದ್ದಳು. ಒಂದು ಬೆರಳೆಂದರೆ ಒಂದು ಹತ್ತು. ಅವನು ಬಿಟ್ಟ ಹತ್ತು ಸಾವಿರಕ್ಕೇ ಮುಗಿಸಲೇ ಎಂದು ಕೇಳುತ್ತಿದ್ದಳು.

ಭಾಗಣ್ಣ ಮಗಳ ಕಡೆ ಓರೆಗಣ್ಣಿನಲ್ಲಿ ನೋಡಿದ. ಇವಳು ಮರೆತಿಲ್ಲ! ಇವಳವ್ವ ಕಳೆ ತೆಗೆಯಲು ಹೋದ ದಿನ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಲಂಗದ ಹುಡುಗಿಯನ್ನು ಸಂತೆಗೆ ಕರೆದೊಯ್ಯುತ್ತಿದ್ದ. ಸಂಜೆ ಬಸ್ಸಿಗೆ ಕಾಯುವಾಗ ಮಿರ್ಚಿ ಭಜಿಯ ಬಂಡಿ ಎದುರು ಅಪ್ಪ ಮಗಳ ವ್ಯಾಪಾರ. ಅವಳು ವಲ್ಲಿಯೊಳಗೆ ಕೈ ಹಾಕಿ ನಾಲ್ಕು ಬೆರಳು ಹಿಡಿದರೆ ಇವನು ಅಂಗೈ ಗೀಚುತ್ತಿದ್ದ. ಗೀಚಿದರೆ ಒಪ್ಪಿಗೆಯಿಲ್ಲ, ಇನ್ನೂ ಜಗ್ಗು ಎಂದರ್ಥ. ಕಚಗುಳಿಗೆ ಅವಳು ಕಿಲಕಿಲ ನಗುತ್ತಿದ್ದಳು. ಕೊನೆಗೆ ಎರಡು ಭಜಿಗೆ ಕುದುರುತ್ತಿತ್ತು. "ಕುದುರೂತನಕ ಕೈ ಬಿಡಬಾರದು, ಕುದುರಿತಂದ್ರ ಹಿಡೀಬಾರದು" ಎಂದು ಸಂತೆಯ ಶಿಸ್ತು ಕಲಿಸುತ್ತಿದ್ದ. ಎಷ್ಟು ಚಂದದ ಸಂಜೆಗಳು!

ಈಗ ಮಗಳ ಅಂಗೈಯನ್ನು ಗೀಚಿದ.

"ಇಲ್ರಿ, ಹೊಂದಂಗಿಲ್ಲ," ಎಂದಳು ಉಮಾ.

ಅರುಣಕುಮಾರ ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. "ಹದಿನೈದು ಮಾಡೀನ್ರಿ. ಸೀಟ್ ಕವರ್ ನಂದು."

ಭಾಗಣ್ಣ ಮತ್ತೆ ಗೀಚಿದ. ಗೀಚಿ, ಅವಳ ಮೂರು ಬೆರಳು ಒಟ್ಟಿಗೆ ಹಿಡಿದ.

"ಮೂವತ್ತ ಬಿಡ್ರಿ, ಈಗಿಂದೀಗ ಬುಕ್ ಮಾಡ್ತೀನಿ."

"ಮೂವತ್ತಾ? ಮೇಡಂ, ನನ್ನ ನೌಕರಿನೇ ಹೋಗ್ತದ!" ಅರುಣಕುಮಾರ ಹಣೆ ಒರೆಸಿಕೊಂಡ. ವಲ್ಲಿಯ ಕೆಳಗೆ ಮೂರು ಬೆರಳಿನ ಹಿಡಿತ ಸಡಿಲಾಗಲಿಲ್ಲ. ಎರಡನೇ ಚಹಾ ಬಂತು, ಇಬ್ಬರೂ ಮುಟ್ಟಲಿಲ್ಲ. "ಇಪ್ಪತ್ತೈದು. ಇದರ ಮ್ಯಾಗ ಒಂದ ಪೈಸಾ ಆಗಂಗಿಲ್ರಿ, ದೇವರಾಣಿ."

ಭಾಗಣ್ಣ ಆ ಮುಖವನ್ನು ಒಮ್ಮೆ ನೋಡಿದ. ಹೌದು, ಇದು ತಳ. ಮಗಳ ಐದೂ ಬೆರಳು ಮಡಚಿ, ಕುದುರಿತು ಎಂದು ಒತ್ತಿದ.

"ಆತ್ರಿ. ಬರಕೋರಿ," ಎಂದಳು ಉಮಾ.

ಅರುಣಕುಮಾರ ನಿಟ್ಟುಸಿರಿಟ್ಟು ಕಾಗದ ತರಲು ಎದ್ದ. ಭಾಗಣ್ಣ ಶಿಸ್ತಿನ ಪ್ರಕಾರ ಹಿಡಿತ ಸಡಿಲಿಸಿದ. ಉಮಾ ಬಿಡಲಿಲ್ಲ.

"ಕುದುರಿತಲ್ಲವ್ವ, ಕೈ ಬಿಡು," ಎಂದ ಮೆಲ್ಲಗೆ.

"ಅವತ್ತ ನಾ ನಗಬಾರದಿತ್ತಪ್ಪ," ಎಂದಳು ಅವಳು ಮೇಜು ನೋಡುತ್ತಾ. ಮತ್ತೆ ಅವನ ನಾಲ್ಕು ಬೆರಳು ಬಿಗಿಯಾಗಿ ಹಿಡಿದಳು. "ಹೋಗೂವಾಗ ಶಹಾಪುರದಾಗ ಇಳಿಯೋಣು?"

ನಾಲ್ಕು ಮಿರ್ಚಿ. ಭಾಗಣ್ಣ ಅಂಗೈ ಗೀಚಲಿಲ್ಲ, ಕೇಳಿದಷ್ಟಕ್ಕೇ ಒಪ್ಪಿಕೊಂಡ.