ಬಲಗಡೆಯ ಸೀಟು

ಗುಳುಂ ಎಂದು ನೀರಿನ ಕ್ಯಾನಿನೊಳಗೆ ಒಂದು ಗುಳ್ಳೆ ಮೇಲೇರಿತು, ಯಾರೂ ನೀರು ಹಿಡಿಯುತ್ತಿಲ್ಲ, ಆದರೂ ಏರಿತು, ಅದರ ಪಾಡಿಗೆ ಅದು — ಕಾಯುವ ಕೋಣೆ ಅಷ್ಟು ನಿಶ್ಶಬ್ದ, ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷ, ಅವಳ ತೊಡೆಯ ಮೇಲೆ ನಾಲ್ಕು ಲಾಗ್‌ಬುಕ್ಕು, ಹಾರಿದ ಒಂದೊಂದು ಗಂಟೆಯನ್ನೂ ದಿನಾಂಕ ಸಮೇತ ಬರೆದಿಟ್ಟದ್ದು, ಮೂರು ಸಾವಿರದ ನೂರ ನಲವತ್ತು ಗಂಟೆ, ಬಸ್ ಸ್ಟಾಪಿನಿಂದ ಇಲ್ಲಿಗೆ ಹೊತ್ತು ತರುವಷ್ಟರಲ್ಲಿ ತೋಳು ಸೋತಿತ್ತು. ಎದುರಿಗೆ ಕೂತ ಹುಡುಗಿಯ ಬಳಿ ಒಂದೇ ತೆಳ್ಳನೆಯ ಪುಸ್ತಕ. ನಿಮ್ದೆಷ್ಟು ಮೇಡಂ ಎಂದು ಕೇಳಿದಳು, ಹೇಳಿದ ಮೇಲೆ ಕಣ್ಣರಳಿಸಿದಳು, ಹಾಗಾದ್ರೆ ನಿಮಗೇನು ಬಿಡಿ. ಏನು ಬಿಡುವುದು ತಾಯೀ, ನಿನಗೆ ಇದು ಮೊದಲ ಪರೀಕ್ಷೆ, ನನಗೆ ಎರಡನೆಯದು, ಕೊನೆಯದೂ ಹೌದು, ಈ ವಿಮಾನ ಕಂಪನಿಯವರು ಮೂರನೆಯ ಸಲ ಬಾಗಿಲು ತೆಗೆಯುವುದಿಲ್ಲ — ಇದನ್ನೆಲ್ಲ ಅವಳು ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ನಕ್ಕಳು. ಸುಮ್ಮನಿರುವುದೊಂದು ಅವಳಿಗೆ ಚೆನ್ನಾಗಿ ಬರುತ್ತದೆ, ಅದರಿಂದಲೇ ತಾನೇ ಕಳೆದ ಮಂಗಳವಾರ ಎಡವಟ್ಟಾದದ್ದು.

ಮಂಗಳವಾರ ಇದೇ ಕಟ್ಟಡದ ಕೆಳಗಿನ ಹಾಲ್‌ನಲ್ಲಿ, ಉಕ್ಕಿನ ಕಾಲುಗಳ ಮೇಲೆ ನಿಂತಿರುವ ಆ ದೊಡ್ಡ ಬಿಳಿ ಡಬ್ಬಿಯೊಳಗೆ, ಸಿಮ್ಯುಲೇಟರ್ ಎಂದರೆ ಇಷ್ಟೇ, ನೆಲ ಬಿಡದೆ ಹಾರುವುದು, ಅವಳು ಬಲಗಡೆ ಕೂತಿದ್ದಳು. ಬಲಗಡೆಯೇ. ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನದಲ್ಲಿ ಹನ್ನೊಂದು ವರ್ಷ ಕೂತದ್ದೂ ಬಲಗಡೆಯೇ, ಎಡಗಡೆ ಕಲಿಯುವವರು, ಬಲಗಡೆ ಕಲಿಸುವವರು. ಇಲ್ಲಿ ಎಡಗಡೆ ಕ್ಯಾಪ್ಟನ್, ಬಲಗಡೆ ಕೋ-ಪೈಲಟ್, ಅಂದರೆ ಸೀಟು ಅದೇ, ಯಜಮಾನಿಕೆ ಮಾತ್ರ ಪಕ್ಕಕ್ಕೆ ಸರಿದಿದೆ, ಬುದ್ಧಿಗೇನೋ ಅದು ಗೊತ್ತು, ಬೆನ್ನಿಗೆ ಯಾರು ಹೇಳಬೇಕು. ರನ್‌ವೇ ಎದುರಿಗೆ ಬರುತ್ತಿತ್ತು, ಹಾರಿಸುತ್ತಿದ್ದದ್ದು ಕ್ಯಾಪ್ಟನ್, ಅಂಕಿ ತಪ್ಪಿದರೆ ಕೂಗಿ ಹೇಳುವುದು ಅವಳ ಕೆಲಸ, ವೇಗ ನೂರ ಮೂವತ್ತೆಂಟಿರಬೇಕು, ಇತ್ತು, ಆಮೇಲೆ ಮೂವತ್ತಾರು, ಮೂವತ್ನಾಲ್ಕು — ಇಲ್ಲಿ ವೇಗ ತೋರಿಸುವ ಮುಳ್ಳಿಲ್ಲ, ಗಾಜಿನ ಮೇಲೆ ಅಂಕಿಗಳ ಪಟ್ಟಿ ಸರಿಯುತ್ತದೆ, ಆದರೆ ಅವಳಿಗೆ ಕಂಡದ್ದು ಮುಳ್ಳೇ, ಸ್ಕೂಲಿನ ವಿಮಾನದ ಆ ಬಿಳಿ ಮುಳ್ಳು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಗಿಳಿಯುವುದು — ಮೂವತ್ತೊಂದು, ಅವಳು ನೋಡುತ್ತಲೇ ಇದ್ದಳು, ಮೊದಲು ನೋಡಿದ್ದೇ ಅವಳು, ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದಳು, ಇಪ್ಪತ್ತೊಂಬತ್ತು. ಹಿಂದೆ ಕೂತ ಪರೀಕ್ಷಕರು ಯಂತ್ರ ನಿಲ್ಲಿಸಿದರು. ರನ್‌ವೇ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು.

ನೋಡಿದ್ರಾ ಮೇಡಂ? ನೋಡಿದೆ ಸರ್. ಮತ್ತೆ ಯಾಕೆ ಸುಮ್ಮನಿದ್ರಿ? ಅವನೇ ಸರಿ ಮಾಡ್ಕೋತಾನೆ ಅಂದ್ಕೊಂಡೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಒಳ್ಳೆಯ ಮನುಷ್ಯ, ದನಿ ಏರಿಸುವವರಲ್ಲ, ಅದಕ್ಕೇ ಆ ಮಾತು ಇನ್ನೂ ಹೆಚ್ಚು ನಾಟಿತು: ನಿಮ್ಮ ಗಂಟೆ ನೋಡಿದ್ರೆ ನಾವೇ ಎದ್ದು ನಿಲ್ಬೇಕು, ಆದ್ರೆ ನೀವು ವಿಮಾನ ಹಾರಿಸ್ತಾ ಇರ್ಲಿಲ್ಲ, ಪಾಠ ಹೇಳ್ತಾ ಇದ್ರಿ. ಹಿಂದೆ ಮುನ್ನೂರು ಜನ ಕೂತಿರ್ತಾರೆ, ಕ್ಯಾಪ್ಟನ್ ಕಲೀಲಿ ಅಂತ ಕಾಯೋಕಾಗಲ್ಲ. ಎಡಗಡೆ ಕೂತ ಕ್ಯಾಪ್ಟನ್ ತಲೆ ತಗ್ಗಿಸಿಕೊಂಡಿದ್ದ, ವೇಗ ಬೇಕೆಂದೇ ಇಳಿಸಲು ಅವನಿಗೆ ಹೇಳಿಟ್ಟಿದ್ದರು, ಅದು ಪರೀಕ್ಷೆಯ ಒಂದು ಭಾಗ, ತಪ್ಪು ಅವನದೇನಿಲ್ಲ. ಅವನು ಎಂದಳಲ್ಲ, ಭುಜದ ಮೇಲೆ ನಾಲ್ಕು ಪಟ್ಟಿ ಹೊತ್ತ ಕ್ಯಾಪ್ಟನ್‌ನನ್ನು ಅವನು ಎಂದಳು, ಎಲ್ಲರೆದುರಿಗೆ — ಇನ್ನೇನನ್ನಬೇಕಿತ್ತು, ಅವನು ಗಡಿಬಿಡಿ.

ಗಡಿಬಿಡಿ ಎಂದು ಹೆಸರಿಟ್ಟವಳು ಅವಳೇ. ಒಂಬತ್ತು ವರ್ಷದ ಹಿಂದೆ ಅವಳ ಕೈಕೆಳಗೆ ಕಲಿಯಲು ಬಂದವನು, ಶೂ ಲೇಸು ಕಟ್ಟುವ ಮೊದಲೇ ಓಡುವವನು, ಚೆಕ್‌ಲಿಸ್ಟನ್ನು ರೈಲು ತಪ್ಪಿಹೋಗುವವನ ಹಾಗೆ ಓದುವವನು, ಅಯ್ಯೋ ನಿಧಾನ ಕಣೋ ಮಾರಾಯ, ವಿಮಾನ ಎಲ್ಲೂ ಓಡಿಹೋಗಲ್ಲ, ನೀನಿಲ್ಲದೆ ಹೋಗೋಕೆ ಅದಕ್ಕೂ ಬರಲ್ಲ. ಒಂದು ಬೆಳಿಗ್ಗೆ ಇಳಿಯುವಾಗ ಮುಳ್ಳು ಅರವತ್ತೈದರಿಂದ ಅರವತ್ತಕ್ಕೆ ಬಂತು, ಐವತ್ತೆಂಟಕ್ಕೆ, ಇವನು ರನ್‌ವೇ ನೋಡುತ್ತಾನೆ, ಗಾಳಿಯ ದಿಕ್ಕು ತೋರುವ ಚೀಲ ನೋಡುತ್ತಾನೆ, ಮುಳ್ಳೊಂದನ್ನು ಬಿಟ್ಟು ಪ್ರಪಂಚವನ್ನೆಲ್ಲ ನೋಡುತ್ತಾನೆ. ಅವಳ ಕೈ ಕಂಟ್ರೋಲಿನಿಂದ ಒಂದು ಬೆರಳಿನಷ್ಟು ದೂರದಲ್ಲಿ, ಮುಟ್ಟಿಲ್ಲ, ಬೆವರುತ್ತಿದೆ, ಒಂದು, ಎರಡು, ಮೂರು — ಮೂರಕ್ಕೆ ಅವನೇ ಕಂಡುಕೊಂಡ, ಪವರ್ ಕೊಟ್ಟ, ಇಳಿದ. ಕೆಳಗೆ ಬಂದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, ಮೇಡಂ, ನೀವು ಕೈ ಹಾಕ್ಲಿಲ್ಲ. ಇಲ್ಲ. ಆಮೇಲೂ ಹಾಕಲಿಲ್ಲ. ಇನ್ನೂರ ಐದು ಗಂಟೆ ಮುಗಿಸಿ ಅವನು ಹೊರಡುವವರೆಗೆ ಒಂದೇ ಒಂದು ಸಲವೂ ಅವನ ಕೈಯಿಂದ ವಿಮಾನ ಕಿತ್ತುಕೊಳ್ಳಲಿಲ್ಲ, ಸ್ಕೂಲಿನಲ್ಲಿ ಅವಳ ಹೆಮ್ಮೆಯೇ ಅದು, ಮೇಡಂ ಕೈ ಹಾಕಲ್ಲ ಎಂದು ಹುಡುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಇನ್ನೂರ ಐದಕ್ಕೇ ಹೊರಟುಹೋದ, ಜಾಣ. ಅವಳೋ, ಐನೂರಾಗಲಿ ಎಂದಳು, ಕಂಪನಿಗಳು ಆ ವರ್ಷ ಯಾರನ್ನೂ ತೆಗೆದುಕೊಳ್ಳಲಿಲ್ಲ, ಸಾವಿರವಾಗಲಿ ಎಂದಳು, ಮಗಳು ಹುಟ್ಟಿದಳು, ಒಂದೂವರೆ ವರ್ಷ ಆಕಾಶದ ಮುಖ ನೋಡಲಿಲ್ಲ, ಆಮೇಲೆ ಸ್ಕೂಲಿನ ದೊಡ್ಡ ಸರ್, ಈ ಬ್ಯಾಚೊಂದು ದಡ ಸೇರಿಸಿಬಿಡಮ್ಮ, ಮುಂದಿನ ವರ್ಷ ನೋಡೋಣ, ಹೀಗೆ ನಾಲ್ಕು ಮುಂದಿನ ವರ್ಷಗಳು. ಗಂಟೆ ಕೂಡಿದಷ್ಟೂ ತೂಕ ಎಂದು ನಂಬಿದ್ದಳು, ಪೆದ್ದಿ. ವಿಮಾನ ಕಂಪನಿಯಲ್ಲಿ ಸರದಿ ಶುರುವಾಗುವುದು ಸೇರಿದ ದಿನದಿಂದ, ಇವತ್ತು ಪಾಸಾದರೂ ಅವಳು ಎಲ್ಲರಿಗಿಂತ ಕೊನೆಯವಳು, ಗಡಿಬಿಡಿಗೂ ಅವನ ನಂತರದ ಹದಿನಾಲ್ಕು ಜನಕ್ಕೂ ಹಿಂದೆ, ಎಲ್ಲರೂ ಅವಳೇ ತಿದ್ದಿ ಕಳಿಸಿದವರು. ದೊಡ್ಡ ಸರ್ ನಿನ್ನೆ ಫೋನ್ ಮಾಡಿದ್ದರು, ನಾನು ನಿವೃತ್ತಿ ಆಗ್ತೀನಿ, ನನ್ನ ಕುರ್ಚಿ ನಿಂಗೇ, ಸಂಜೆಯೊಳಗೆ ಹೂಂ ಅನ್ನು, ಇಲ್ಲಿ ಇಡೀ ಸ್ಕೂಲು ನಿನ್ನ ಮಾತು ಕೇಳುತ್ತೆ, ಅಲ್ಲಿ ಹೋಗಿ ನಿನ್ನ ಹುಡುಗರಿಗೇ ಸೆಲ್ಯೂಟ್ ಹೊಡೀತೀಯಾ? ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಿಗ್ಗೆ ಗಂಡ ಮಗಳ ಜಡೆ ಹೆಣೆಯುತ್ತಿದ್ದರು, ರೀ, ಏನ್ಮಾಡ್ಲಿ ಹೇಳಿ ಎಂದರೆ, ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡೇ, ನನ್ನ ಕೇಳ್ಬೇಡ ಮಾರಾಯ್ತಿ, ನಿಂಗೆ ಏನು ಬೇಕು ಅಂತ ನೀನು ಯಾವತ್ತು ಬಾಯಿ ಬಿಟ್ಟು ಹೇಳಿದ್ದೀಯ? ತಮಾಷೆಗೇ ಅಂದದ್ದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅಳು ಬಂತು, ಯಾಕೆಂದರೆ ಉತ್ತರ ಗೊತ್ತಿತ್ತು, ದೊಡ್ಡ ವಿಮಾನ ಬೇಕು, ಹತ್ತನೇ ವಯಸ್ಸಿನಿಂದ ಬೇಕು, ಸರದಿಯಲ್ಲಿ ಕೊನೆಯಲ್ಲಿ ನಿಂತಾದರೂ ಬೇಕು.

ಮೇಡಂ, ಬನ್ನಿ. ಮೆಟ್ಟಿಲು, ಕಬ್ಬಿಣದ ಸೇತುವೆ, ಡಬ್ಬಿಯ ಬಾಗಿಲು, ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಎಡಗಡೆ ಇವತ್ತೂ ಅವನೇ, ನಮಸ್ತೆ ಮೇಡಂ ಎಂದ ಗಡಿಬಿಡಿ ಮೆಲ್ಲಗೆ, ಚೆಕ್‌ಲಿಸ್ಟ್ ಓದಿದ, ಎಷ್ಟು ನಿಧಾನ, ಎಷ್ಟು ಸ್ಪಷ್ಟ, ನೋಡಿ ಹೊಟ್ಟೆ ತಂಪಾಯಿತು, ಬೆಲ್ಟು, ಹೆಡ್‌ಸೆಟ್ಟು, ಏರಿದರು, ತಿರುಗಿದರು, ಒಂದು ಇಂಜಿನ್ ಕೆಟ್ಟಿತು, ಸರಿಮಾಡಿಕೊಂಡರು, ಈಗ ರನ್‌ವೇ. ನೂರ ಮೂವತ್ತೆಂಟು. ಮೂವತ್ತೇಳು, ಮೂವತ್ತಾರು — ಬಂತು, ಮುಳ್ಳು ಬಂತು — ಸ್ಪೀಡ್, ಎಂದಳು. ಎಣಿಸಲಿಲ್ಲ. ಅವಳದೇ ದನಿ, ಸ್ವಲ್ಪ ಒರಟು. ಅವನು ಉತ್ತರಿಸಲಿಲ್ಲ. ಮೂವತ್ತೈದು. ಕ್ಯಾಪ್ಟನ್, ಸ್ಪೀಡ್. ಇಲ್ಲ. ಪಕ್ಕಕ್ಕೆ ನೋಡಿದಳು, ತಲೆ ಎದೆಯ ಮೇಲೆ ವಾಲಿದೆ, ಎರಡೂ ಕೈ ತೊಡೆಯ ಮೇಲೆ ಅಂಗಾತ, ಪ್ರಜ್ಞೆ ತಪ್ಪಿದವನಂತೆ ಇರು ಎಂದಿದ್ದಾರೆ ಅವನಿಗೆ, ಎರಡು ಸಲ ಕರೆದು ಉತ್ತರ ಬಾರದಿದ್ದರೆ ಏನು ಮಾಡಬೇಕೆಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿದೆ, ಅವಳಿಗೆ ಬಾಯಿಪಾಠ, ಆದರೂ ಆ ಖಾಲಿ ಅಂಗೈಗಳನ್ನು ನೋಡಿದಾಗ ಅವಳೊಳಗಿನ ಮೇಡಂ ಅಂದಳು, ಕಂಡುಕೋ ಮರೀ, ಇನ್ನೊಂದು ಕ್ಷಣ, ನೀನೇ ಕಂಡುಕೋ — ಇವನು ಮರಿಯಲ್ಲ, ಇದು ಪಾಠವಲ್ಲ, ಮೂವತ್ಮೂರು — ಐ ಹ್ಯಾವ್ ಕಂಟ್ರೋಲ್. ಆ ಒಂದು ಬೆರಳಿನಷ್ಟು ದೂರವನ್ನು ಅವಳ ಕೈ ದಾಟಿತು, ಅವನ ವಿಮಾನ ಅವಳ ಅಂಗೈಗೆ ಬಂತು, ಭಾರ, ಅಬ್ಬಾ ಎಷ್ಟು ಭಾರ, ಪವರ್, ವಿಮಾನದ ಮೂಗು, ಮುಳ್ಳು. ಮೂವತ್ತೆರಡರಲ್ಲಿ ಮುಳ್ಳು ನಿಂತಿತು. ನಡುಗುತ್ತಿದೆ, ಕೆಳಗಿಳಿಯುತ್ತಿಲ್ಲ. ಮುಳ್ಳು ನಿಂತಿದೆ.