ಮದುವೆ ಗಾಡಿಯ ಸಪ್ಪಳ

"ಇಂಜಿನ್ ಬಂದ್ ಮಾಡ್ರಿ ಬೀಗರೇ," ಎಂದರು ವರನ ದೊಡ್ಡಪ್ಪ, ಚಿಟಗುಪ್ಪದ ಬಸವಣಪ್ಪ. "ನಮ್ಮ ಹುಡುಗರು ಊರ ಅಗಸಿ ತನಕ ನೂಕ್ತಾರ."

ಮಡೆಪ್ಪನ ಟ್ಯಾಕ್ಸಿ ಗಡಗಡ ನಡುಗುತ್ತಿತ್ತು. ಬಾನೆಟ್ಟಿಗೆ ಕಟ್ಟಿದ ಚೆಂಡು ಹೂವಿನ ಹಾರವೂ ಅದರ ಜೊತೆಗೇ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ದ್ರೌಪತಿ, ಪಕ್ಕದಲ್ಲಿ ಅಳಿಯ ನಾಗನಾಥ ಕೂತಾಗಿತ್ತು. ಕಲ್ಯಾಣ ಊರಿನ ಅವನ ಓಣಿಯವರೆಲ್ಲ ಮಗಳನ್ನು ಕಳಿಸಿಕೊಡಲು ಬಾಗಿಲಿಗೆ ಬಂದು ನಿಂತಿದ್ದರು.

ಬಸವಣಪ್ಪ ಹೊಸದೇನೂ ಕೇಳಿರಲಿಲ್ಲ. ಈ ನೂಕುವ ಪದ್ಧತಿ ಮಡೆಪ್ಪನೇ ಒಪ್ಪಿಕೊಂಡು ಬಂದದ್ದು. ಪೆಟ್ರೋಲ್ ಕೈಗೆಟುಕದಷ್ಟು ತುಟ್ಟಿಯಾದಾಗ ಅವನು ಗಾಡಿಯನ್ನು ಸೊಲ್ಲಾಪುರಕ್ಕೆ ಒಯ್ದು, ಕಂಪನಿ ಕೊಟ್ಟ ಇಂಜಿನ್ ತೆಗೆಸಿ ಡೀಸೆಲ್ ಇಂಜಿನ್ ಕೂರಿಸಿಕೊಂಡು ಬಂದಿದ್ದ. ಹುಮನಾಬಾದ್ ಸ್ಟ್ಯಾಂಡಿನ ಟ್ಯಾಕ್ಸಿಯವರಿಗೆ ಅಂದಿನಿಂದ ಚಹಾದ ಜೊತೆ ನಂಜಿಕೊಳ್ಳಲು ಇವನೇ ಆದ. ಬಾವಿಯ ನೀರೆತ್ತುವ ಮಷೀನಿಗೆ ಗಾಲಿ ಕಟ್ಟಿದ್ದಾನೆಂದು ನಗುತ್ತಿದ್ದರು. ಅವರಲ್ಲಿ ಹಿರಿಯನಾದ ಖಮರುದ್ದೀನ್ ಮಾತ್ರ ನಗದೆ ವಾದಕ್ಕಿಳಿಯುತ್ತಿದ್ದ. ಕಾರಿಗೆ ಡೀಸೆಲ್ ಹೊಂದುವ ಹಾಗಿದ್ದರೆ ಕಂಪನಿಯವರೇ ಹಾಕಿ ಕಳಿಸುತ್ತಿರಲಿಲ್ಲವೇ, ಅವರೇನು ಹುಚ್ಚರೇ ಎನ್ನುವುದು ಅವನ ಪಟ್ಟು.

"ಕಂಪನಿ ಸಾಹೇಬರ ಕಿವಿಗಿ ಗಾಡಿ ಮಾಡ್ತದ, ಖಮರುದ್ದೀನ್ ಭಾಯಿ," ಎಂದು ಮಡೆಪ್ಪ ಬಸ್ಸಿನವರಿಗೂ ಕೇಳುವಂತೆ ಹೇಳುತ್ತಿದ್ದ. "ಮುಂದಿನ ಜಾಳಿಗಿ ಬದಲ ಮಾಡಿ ಹೊಸ ಮಾಡಲ್ ಅಂತದ. ನಮ್ಮ ಹೊಟ್ಟಿಗಿ ಗಾಡಿ ಯಾರು ಮಾಡ್ತಾರ? ನಾನೇ ಮಾಡ್ಕೊಂಡೀನಿ."

ಸ್ಟ್ಯಾಂಡಿನಲ್ಲಿ ಇಷ್ಟು ಜೋರು ಮಾಡುತ್ತಿದ್ದವನು ಮದುವೆಯವರ ಮುಂದೆ ಮೆತ್ತಗಾಗಿದ್ದ. ಡೀಸೆಲ್ ಇಂಜಿನ್ನಿನ ಆ ಗದ್ದಲದಲ್ಲಿ ಸನಾದಿ ಕೇಳುವುದಿಲ್ಲ, ಮದುಮಕ್ಕಳಿಗೆ ಅವಮಾನ ಎಂದು ಜನ ಮೂಗು ಮುರಿದರು. ಮದುವೆ ಬಾಡಿಗೆ ಕೈತಪ್ಪಿದರೆ ವರ್ಷವೇ ಹೋದಂತೆ. ಹಾಗಾಗಿ ಊರೊಳಗೆ ಇಂಜಿನ್ ನಿಲ್ಲಿಸುವುದು, ಹುಡುಗರು ನೂಕುವುದು, ಊರಬಾಗಿಲಿನ ಅಗಸಿ ದಾಟಿದ ಮೇಲೆ ಶುರು ಮಾಡುವುದು ಎಂದಾಯಿತು. ಪ್ರತಿ ಸಲವೂ ಮಡೆಪ್ಪ ಸ್ಟೇರಿಂಗ್ ಹಿಡಿದು, ಹೆಣದ ಗಾಡಿ ಹೊಡೆಯುವವನಂತೆ ಮುಖ ತಗ್ಗಿಸಿ ಕೂತಿರುತ್ತಿದ್ದ.

ಇವತ್ತು ತನ್ನ ಮಗಳ ಮದುವೆ. ಇವತ್ತಾದರೂ ಬಂದ್ ಮಾಡಬಾರದೆಂದು ಬೆಳಗಿನಿಂದ ಹಟ ಹಿಡಿದಿದ್ದ. ಆದರೆ ಕೇಳುತ್ತಿರುವವರು ಬೀಗರು. ನಾಳೆಯಿಂದ ಮಗಳು ಬಾಳಬೇಕಾದದ್ದು ಅವರ ಮನೆಯಲ್ಲಿ. ಮಡೆಪ್ಪನ ಕೈ ಇಂಜಿನ್ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ತನ್ನ ಕೈಯ ಮೇಲೆಯೇ ಅವನಿಗೆ ಅಸಹ್ಯ ಬಂತು.

"ಅಪ್ಪಾ, ಬಂದ್ ಮಾಡಬ್ಯಾಡ."

ಮದುಮಗಳು ಬೀಗರ ಎದುರು ಬಾಯಿ ತೆರೆದಳೆಂದು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ದ್ರೌಪತಿ ತಲೆ ಎತ್ತಿರಲಿಲ್ಲ, ಆದರೆ ದನಿ ನಡುಗಲಿಲ್ಲ.

"ತಪ್ಪು ತಿಳೀಬ್ಯಾಡ್ರಿ ಮಾವಾರೆ. ನಾ ಉಟ್ಟ ಸೀರಿ, ನೀವು ಉಂಡ ಹೋಳಗಿ, ಎಲ್ಲಾ ಈ ಸಪ್ಪಳದಾಗೇ ದುಡದದ್ದು. ನೂಕೋ ಗಾಡ್ಯಾಗ ನಾ ಕೂಡಂಗಿಲ್ಲ. ಇಳದು ನಡಕೋತ ಬರ್ತೀನಿ."

ಬಸವಣಪ್ಪನವರ ಮುಖ ಬಿಗಿಯಾಯಿತು. ಅವರು ನಾಗನಾಥನನ್ನು ನೋಡಿದರು. ಅವನು ದೊಡ್ಡಪ್ಪನನ್ನು ನೋಡಲಿಲ್ಲ, ಇಳಿಯಲೂ ಇಲ್ಲ, ತನ್ನ ಬದಿಯ ಬಾಗಿಲನ್ನು ಎಳೆದು ಗಟ್ಟಿಯಾಗಿ ಹಾಕಿಕೊಂಡ. ಬಸವಣಪ್ಪ ಹೋಗಿ ತಮ್ಮ ಜೀಪು ಹತ್ತಿದರು.

ಗಾಡಿಯ ಹಿಂದೆ ಹುಡುಗರು ಇನ್ನೂ ಡಿಕ್ಕಿಗೆ ಕೈ ಕೊಟ್ಟು ನಿಂತಿದ್ದರು. ಮದುವೆ ಊಟಕ್ಕೆ ಬಂದಿದ್ದ ಖಮರುದ್ದೀನ್ ಅವರ ಬಳಿ ಹೋದ.

"ಕೈ ತಗೀರಪಾ. ಗಾಡಿ ಸುರು ಅದ, ಕಾಣಂಗಿಲ್ಲೇನು?" ಎಂದ. ಆಮೇಲೆ ಕಿಟಕಿಗೆ ಬಾಗಿ, "ಪೆಟ್ರೋಲೇ ಛಲೋ, ಮಡೆಪ್ಪಾ. ಆ ಮಾತು ಬ್ಯಾರೆ. ನಡಿ," ಎಂದು ಮುಂದೆ ಹೋಗಿ, ತಾಷೆ ವಾದ್ಯದವರಿಗೆ ಇನ್ನೂ ಜೋರಾಗಿ ಬಾರಿಸಲು ಹೇಳಿದ.

ಮಡೆಪ್ಪ ಗೇರ್ ಹಾಕಿದ. ಕಣ್ಣು ತುಂಬಿ ದಾರಿ ಮಸುಕಾಗಿತ್ತು, ಆದರೂ ಮುಖ ತಗ್ಗಿಸಲಿಲ್ಲ. ಪ್ರತಿ ಮದುವೆಯಲ್ಲೂ ಇಂಜಿನ್ ಶುರು ಮಾಡುತ್ತಿದ್ದ ಅಗಸಿ ಬಂತು. ಗಾಡಿ ನಿಲ್ಲದೆ ದಾಟಿತು. ದ್ರೌಪತಿ ಮುಂದಿನ ಸೀಟಿನ ಮೇಲೆ ಅಪ್ಪನ ಹೆಗಲ ಪಕ್ಕ ಕೈ ಊರಿದ್ದಳು. ಗಾಡಿಯ ನಡುಕಕ್ಕೆ ಅವಳ ಹಸಿರು ಬಳೆಗಳು ಅವನ ಕಿವಿಯ ಹತ್ತಿರ ಒಂದೇ ಸಮನೆ ಸದ್ದು ಮಾಡುತ್ತಿದ್ದವು.